ಇದರಿಂದಲೇ ಅದಾಯಿತೆ? — ಕಾರಣವನ್ನು ಅಳೆಯುವ ಬಗೆ

ನಮ್ಮ ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಒಂದು ಬಗೆಯ ಮಾತು ಆಗಾಗ ಕೇಳಿಬರುತ್ತದೆ. "ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕಲು ಸುರುಮಾಡಿದ ಮೇಲೆ ನನ್ನ ತೋಟದಲ್ಲಿ ಎಕರೆಗೆ ನಾಲ್ಕು ಮೂಟೆ ಕಾಫಿ ಹೆಚ್ಚಾಯಿತು" ಎಂದು ಒಬ್ಬ ಸದಸ್ಯರು ಎದ್ದು ನಿಂತು ಹೇಳುತ್ತಾರೆ. ಹಿಂದಿನ ಸಾಲಿನಿಂದ ಇನ್ನೊಬ್ಬರು, "ನಾನು ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ ಮಾರಾಯರೇ, ನನಗೂ ನಾಲ್ಕು ಮೂಟೆ ಹೆಚ್ಚೇ ಬಂತು. ಈ ಸಲ ಹೂಮಳೆ ಹದವಾಗಿ ಬಿತ್ತು, ಅಷ್ಟೇ" ಎನ್ನುತ್ತಾರೆ. ಸಭೆ ನಗುತ್ತದೆ. ಅಧ್ಯಕ್ಷರು ಮುಂದಿನ ವಿಷಯವನ್ನು ಕೈಗೆತ್ತಿಕೊಳ್ಳುತ್ತಾರೆ. ಆದರೆ ಮಣ್ಣು ಪರೀಕ್ಷೆಗೆಂದು ಸಂಘ ಕೊಡುವ ಸಹಾಯಧನವನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯುತ್ತದೆ.

ಈ ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರೂ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಆದರೂ ಒಬ್ಬರ ಮಾತಿನಿಂದಾಗಲಿ, ಇಬ್ಬರ ಮಾತಿನಿಂದಾಗಲಿ ನಮಗೆ ಬೇಕಾದ ಉತ್ತರ ದೊರೆಯುವುದಿಲ್ಲ. ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಉಪಯೋಗವಿಲ್ಲದ ಯೋಜನೆಗೆ ವರ್ಷವರ್ಷವೂ ಸುರಿಯುವ ಹಣ ಸದಸ್ಯರ ಪಾಲಿನದೇ ಆಗಿದೆ. ಉಪಯೋಗವಿದ್ದ ಯೋಜನೆಯನ್ನು ತಪ್ಪು ಲೆಕ್ಕದಿಂದ ನಿಲ್ಲಿಸಿದರೆ ಆಗುವ ನಷ್ಟವೂ ಸದಸ್ಯರದೇ.

ಇಂಥ ಪ್ರಶ್ನೆಗಳನ್ನೇ ದೊಡ್ಡ ಪ್ರಮಾಣದಲ್ಲಿ ಎದುರಿಸುವವರು ಸಮಾಜ ವಿಜ್ಞಾನಿಗಳು. ಶಾಲೆ, ಕೂಲಿ, ರಸ್ತೆ, ಪಂಚಾಯಿತಿ, ಸಾಲ ಇವುಗಳಲ್ಲಿ ಒಂದನ್ನು ಬದಲಿಸಿದರೆ ಜನರ ಬದುಕಿನಲ್ಲಿ ಏನಾಗುತ್ತದೆ ಎಂಬುದನ್ನು ಅವರು ಅಳೆಯಬೇಕಾಗುತ್ತದೆ. ಅದಕ್ಕೆ ಅವರು ಕಂಡುಕೊಂಡಿರುವ ಕೆಲವು ವಿಧಾನಗಳನ್ನು ಇಲ್ಲಿ ತಿಳಿಸಲು ಯತ್ನಿಸಿದ್ದೇವೆ. ಇವುಗಳಲ್ಲಿ ಮುಖ್ಯವಾದ ಒಂದು ವಿಧಾನ ಹುಟ್ಟಿದ್ದೇ ಹೊಲದಲ್ಲಿ. ಆದುದರಿಂದ ಕೃಷಿಕರಾದ ನಮಗೆ ಇದು ತೀರ ಹೊಸದೆನಿಸಲಾರದು.

ನಾವು ಮೋಸಹೋಗುವ ಮೂರು ದಾರಿಗಳು

ಮೊದಲನೆಯದು, "ಮುಂಚೆ ಹೀಗಿತ್ತು, ಆಮೇಲೆ ಹೀಗಾಯಿತು" ಎಂಬ ಹೋಲಿಕೆ. ಅರೇಬಿಕಾ ಗಿಡ ಒಂದು ವರ್ಷ ರೆಕ್ಕೆ ಬಾಗುವಷ್ಟು ಕಾಯಿ ಹೊತ್ತರೆ ಮರುವರ್ಷ ಸೊರಗುವುದು ನಾವೆಲ್ಲ ಬಲ್ಲ ಸಂಗತಿ. ಫಸಲು ಕೈಕೊಟ್ಟ ವರ್ಷವೇ ನಾವು ಹೊಸ ಉಪಾಯಗಳನ್ನು ಹುಡುಕಿಕೊಂಡು ಹೊರಡುವುದೂ ಸಹಜ. ಆ ವರ್ಷ ಯಾವುದೋ ಟಾನಿಕ್ಕನ್ನು ಹೊಡೆಸುತ್ತೇವೆ. ಮರುವರ್ಷ ಫಸಲು ಏರುತ್ತದೆ. ಹೊಡೆಸದೆ ಇದ್ದಿದ್ದರೂ ಅದು ಏರುವುದೇ ಇತ್ತು. ಆದರೆ ಹೆಸರು ಮಾತ್ರ ಟಾನಿಕ್ಕಿಗೆ ಬರುತ್ತದೆ. ಬರಗಾಲದ ಮರುವರ್ಷ ಜಾರಿಗೆ ಬಂದ ಸರ್ಕಾರಿ ಯೋಜನೆಗಳೂ ಹೀಗೆಯೇ ಯಶಸ್ವಿಯಾಗಿ ಕಾಣುವುದುಂಟು.

ಎರಡನೆಯದು, "ಪಡೆದವರು" ಮತ್ತು "ಪಡೆಯದವರು" ಎಂಬ ಹೋಲಿಕೆ. ತರಬೇತಿ ಶಿಬಿರಕ್ಕೆ ಬಂದ ಬೆಳೆಗಾರರ ಇಳುವರಿ ಬಾರದವರಿಗಿಂತ ಹೆಚ್ಚಿದೆ ಎಂದುಕೊಳ್ಳೋಣ. ಇದು ಶಿಬಿರದ ಗುಣವೆ? ಇರಲಾರದು. ಕೆಲಸ ಬಿಟ್ಟು, ಬಸ್ಸು ಹಿಡಿದು, ಇಡೀ ದಿನ ಕುಳಿತು ಕೇಳುವಷ್ಟು ಶ್ರದ್ಧೆಯುಳ್ಳವರು ಶಿಬಿರವಿಲ್ಲದಿದ್ದರೂ ತೋಟವನ್ನು ಚೆನ್ನಾಗಿಯೇ ನೋಡಿಕೊಳ್ಳುವವರು. ಇಲ್ಲಿ ಶಿಬಿರದ ಫಲ ಯಾವುದು, ಶ್ರದ್ಧೆಯ ಫಲ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಮೂರನೆಯದು ಇನ್ನೂ ವಿಚಿತ್ರವಾದದ್ದು. ಇಲ್ಲಿ ಕಾರಣ ಮತ್ತು ಪರಿಣಾಮಗಳು ತಲೆಕೆಳಗಾಗುತ್ತವೆ. ಅಡಿಕೆಗೆ ಬೋರ್ಡೋ ದ್ರಾವಣವನ್ನು ಎರಡು ಸಲ ಹೊಡೆಸಿದ ತೋಟಗಳನ್ನೂ ಮೂರು ಸಲ ಹೊಡೆಸಿದ ತೋಟಗಳನ್ನೂ ಹೋಲಿಸಿ ನೋಡಿದರೆ, ಮೂರು ಸಲ ಹೊಡೆಸಿದಲ್ಲಿಯೇ ಕೊಳೆರೋಗ ಹೆಚ್ಚಾಗಿ ಕಂಡುಬಂದೀತು. ಹಾಗೆಂದ ಮಾತ್ರಕ್ಕೆ ಮೈಲುತುತ್ತಿನಿಂದ ಕೊಳೆ ಬಂತೆನ್ನಬಹುದೆ? ಮಳೆ ಬಿಡದೆ ಹೊಡೆದು, ಕೊಳೆ ಕಾಣಿಸಿಕೊಂಡದ್ದರಿಂದಲೇ ಅವರು ಮೂರನೆಯ ಸಲ ಕೊನೆಗಾರರನ್ನು ಮರ ಹತ್ತಿಸಿದ್ದು. ಆಸ್ಪತ್ರೆಗೆ ಹೋಗುವವರಲ್ಲಿಯೇ ಕಾಯಿಲೆಯವರು ಹೆಚ್ಚೆಂದು ಆಸ್ಪತ್ರೆಯನ್ನು ಮುಚ್ಚಿಸಿದರೆ ಹೇಗಾದೀತೋ ಇದೂ ಹಾಗೆಯೇ.

ಈ ಮೂರಕ್ಕೂ ಮೂಲವಾದ ತೊಡಕು ಒಂದೇ. ನಮಗೆ ಬೇಕಾದದ್ದು "ಇದನ್ನು ಮಾಡದೆ ಇದ್ದಿದ್ದರೆ ಇದೇ ತೋಟದಲ್ಲಿ, ಇದೇ ವರ್ಷ, ಏನಾಗುತ್ತಿತ್ತು?" ಎಂಬ ಪ್ರಶ್ನೆಗೆ ಉತ್ತರ. ಆದರೆ ಒಂದೇ ತೋಟಕ್ಕೆ ಒಂದೇ ವರ್ಷ ಔಷಧಿ ಹೊಡೆದೂ, ಹೊಡೆಯದೆಯೂ ನೋಡಲು ಯಾರಿಂದಲೂ ಸಾಧ್ಯವಿಲ್ಲ. ಆ ಕಾಣದ ಇನ್ನೊಂದು ತೋಟಕ್ಕೆ ಬದಲಾಗಿ ನಂಬತಕ್ಕ ಜೋಡಿಯೊಂದನ್ನು ಹುಡುಕಬೇಕು. ಮುಂದೆ ಹೇಳುವ ವಿಧಾನಗಳೆಲ್ಲವೂ ಅಂಥ ಜೋಡಿಯನ್ನು ಹುಡುಕುವ ಬಗೆಗಳೇ.

ಗೊಬ್ಬರ ಹಾಕದ ಪಟ್ಟೆ

ಇಂಗ್ಲೆಂಡಿನ ಹಾರ್ಪೆಂಡೆನ್ ಎಂಬಲ್ಲಿ ರೋಥಾಮ್‌ಸ್ಟೆಡ್ ಎಂಬ ಹೆಸರಾಂತ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಜಮೀನುದಾರರಾಗಿದ್ದ ಜಾನ್ ಬೆನೆಟ್ ಲಾಸ್ ಎಂಬವರು 1843ರಲ್ಲಿ, ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನ ಶಾಸ್ತ್ರಜ್ಞರ ಜೊತೆಗೂಡಿ, ಬ್ರಾಡ್‌ಬಾಕ್ ಎಂಬ ಗೋಧಿಯ ಹೊಲದಲ್ಲಿ ಗೊಬ್ಬರದ ಪ್ರಯೋಗವನ್ನು ಆರಂಭಿಸಿದರು. ಹೊಲವನ್ನು ಪಟ್ಟೆಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಕೊಟ್ಟರು. ಒಂದು ಪಟ್ಟೆಗೆ ಮಾತ್ರ ಏನನ್ನೂ ಹಾಕಲಿಲ್ಲ. ಆ ಪಟ್ಟೆಗೆ ಇಂದಿಗೂ ಗೊಬ್ಬರ ಹಾಕಿಲ್ಲ. ಗಮನಿಸತಕ್ಕ ಸಂಗತಿಯೆಂದರೆ, ಲಾಸ್ ಅವರು ತಾವೇ ಸೂಪರ್ ಫಾಸ್ಫೇಟ್ ತಯಾರಿಸಿ ಮಾರುತ್ತಿದ್ದವರು. ಗೊಬ್ಬರ ಮಾರುವವರೇ ಗೊಬ್ಬರವಿಲ್ಲದ ಪಟ್ಟೆಯೊಂದನ್ನು ಉಳಿಸಿಕೊಂಡರು. ಅದಿಲ್ಲದಿದ್ದರೆ ತಮ್ಮ ಮಾತಿಗೆ ಆಧಾರವಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಇದೇ ಕೇಂದ್ರಕ್ಕೆ 1919ರಲ್ಲಿ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ಬಂದರು. ಹಾಕಿದ ಪಟ್ಟೆ, ಹಾಕದ ಪಟ್ಟೆ ಎಂದು ಎರಡು ಮಾಡಿದರೆ ಸಾಲದೆಂಬುದನ್ನು ಅವರು ಕಂಡರು. ನಮ್ಮ ತೋಟಗಳನ್ನೇ ನೆನೆಸಿಕೊಳ್ಳಬಹುದು. ಗುಡ್ಡದ ನೆತ್ತಿಯ ಪಟ್ಟೆಗೂ ಹಳ್ಳದ ಬದಿಯ ಪಟ್ಟೆಗೂ ಮಣ್ಣಿನಲ್ಲಿ, ತೇವದಲ್ಲಿ, ನೆರಳಿನಲ್ಲಿ ಎಷ್ಟು ಅಂತರ! ಯಾವ ಪಟ್ಟೆಗೆ ಹೊಸ ಗೊಬ್ಬರ ಹಾಕಬೇಕೆಂದು ನಾವೇ ಆರಿಸಿದರೆ, ಮನಸ್ಸು ತಿಳಿದೋ ತಿಳಿಯದೆಯೋ ಒಳ್ಳೆಯ ಪಟ್ಟೆಯ ಕಡೆಗೇ ಹೋಗುತ್ತದೆ. ಆದುದರಿಂದ ಆಯ್ಕೆಯನ್ನು ಮನುಷ್ಯರ ಕೈಯಿಂದ ತೆಗೆದು ಚೀಟಿ ಎತ್ತುವುದಕ್ಕೆ ಬಿಡಬೇಕೆಂದು ಫಿಷರ್ ಹೇಳಿದರು. ಪಟ್ಟೆಗಳ ಸಂಖ್ಯೆ ಸಾಕಷ್ಟು ದೊಡ್ಡದಾಗಿದ್ದರೆ, ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ನಮಗೆ ಗೊತ್ತಿರುವ ವ್ಯತ್ಯಾಸ, ಗೊತ್ತಿಲ್ಲದ ವ್ಯತ್ಯಾಸ ಎಲ್ಲವೂ ಎರಡು ಕಡೆಗೂ ಸುಮಾರು ಸಮನಾಗಿ ಹಂಚಿಹೋಗುತ್ತವೆ. ಆಮೇಲೂ ಉಳಿಯುವ ಅಂತರದಲ್ಲಿ ಎಷ್ಟು ಪಾಲು ಬರಿಯ ಅದೃಷ್ಟದಿಂದ ಬಂದಿರಬಹುದೆಂಬುದನ್ನೂ ಗಣಿತದಿಂದ ಅಂದಾಜು ಮಾಡಬಹುದು. ಪ್ರಯೋಗಗಳ ರಚನೆಯನ್ನು ಕುರಿತ ಅವರ ಪುಸ್ತಕ 1935ರಲ್ಲಿ ಪ್ರಕಟವಾಯಿತು. ಇಂದು ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಗೊಬ್ಬರ, ತಳಿ, ಔಷಧಿಗಳನ್ನು ಪರೀಕ್ಷಿಸುವ ಕ್ರಮಕ್ಕೆ ಇದೇ ತಳಹದಿ.

ಚೀಟಿಯಿಂದ ತಿಳಿದುಬಂದದ್ದು

ಹೊಲದ ಪಟ್ಟೆಗಳಿಗೆ ಚೀಟಿ ಎತ್ತಬಹುದು, ಜನರಿಗೆ ಎತ್ತುವುದು ಹೇಗೆ ಎಂಬ ಸಂದೇಹ ಓದುಗರಿಗೆ ಬರಬಹುದು. ಕೆಲವು ಕಡೆ ಅದನ್ನು ಬೇಕೆಂದೇ ಮಾಡಿದ್ದಾರೆ. ಮೆಕ್ಸಿಕೋ ದೇಶದಲ್ಲಿ 1997ರಲ್ಲಿ, ಬಡ ಕುಟುಂಬದ ಮಕ್ಕಳು ತಪ್ಪದೆ ಶಾಲೆಗೆ ಹೋದರೆ ತಾಯಿಯ ಕೈಗೆ ಹಣ ಕೊಡುವ 'ಪ್ರೋಗ್ರೆಸಾ' ಎಂಬ ಯೋಜನೆ ಆರಂಭವಾಯಿತು. ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ಕೊಡುವಷ್ಟು ಹಣ ಸರ್ಕಾರದ ಬಳಿ ಇರಲಿಲ್ಲ. ಪರೀಕ್ಷೆಗೆಂದು ತೆಗೆದುಕೊಂಡ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, ಉಳಿದ 186ಕ್ಕೆ ಆಮೇಲೆ ಎಂದು ಲಾಟರಿಯ ರೀತಿಯಲ್ಲಿ ನಿರ್ಧರಿಸಿದರು. ಕಾದಿದ್ದ ಹಳ್ಳಿಗಳು ಹೋಲಿಕೆಗೆ ಒದಗಿದವು. ಮೊದಲು ಹಣ ಪಡೆದ ಹಳ್ಳಿಗಳಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಪ್ರಾಥಮಿಕ ಶಾಲೆಯಿಂದ ಮುಂದಿನ ಶಾಲೆಗೆ ಸೇರುವುದು ಹೆಚ್ಚಿತೆಂದು ಕಂಡುಬಂತು. ಇಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲವೆಂಬುದನ್ನು ಗಮನಿಸಬೇಕು. ಹೇಗೂ ಕೆಲವರು ಕಾಯಲೇಬೇಕಾಗಿತ್ತು. ಯಾರು ಕಾಯಬೇಕೆಂಬುದನ್ನು ಶಿಫಾರಸಿನ ಬದಲು ಚೀಟಿ ನಿರ್ಧರಿಸಿತು.

ಇನ್ನು ಕೆಲವು ಕಡೆ ಸರ್ಕಾರದ ನಿಯಮವೇ ಚೀಟಿಯ ಕೆಲಸ ಮಾಡುತ್ತದೆ. ಇದಕ್ಕೆ ನಮ್ಮ ದೇಶದ ಪಂಚಾಯಿತಿಗಳೇ ಉದಾಹರಣೆ. ನಮ್ಮ ರಾಜ್ಯವು 1983ರ ಕಾಯಿದೆಯಲ್ಲಿಯೇ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇಕಡ 25 ಸ್ಥಾನಗಳನ್ನು ಕಾದಿರಿಸಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶದಾದ್ಯಂತ ಮೂರನೆಯ ಒಂದು ಭಾಗವನ್ನು ಕಾದಿರಿಸಿತು. ಅಧ್ಯಕ್ಷ ಸ್ಥಾನಗಳಿಗೂ ಈ ನಿಯಮ ಅನ್ವಯಿಸಿತು. ಆಗ ಎಲ್ಲೆಡೆ ಎದ್ದ ಪ್ರಶ್ನೆ ಓದುಗರಿಗೆ ನೆನಪಿರಬಹುದು: "ಹೆಂಗಸರು ಅಧ್ಯಕ್ಷರಾದರೇನು, ಆಡಳಿತ ನಡೆಸುವವರು ಗಂಡಂದಿರೇ ತಾನೆ? ಏನು ವ್ಯತ್ಯಾಸವಾದೀತು?"

ಮಹಿಳೆಯರು ಸ್ವಂತ ಬಲದಿಂದ ಗೆದ್ದ ಊರುಗಳನ್ನು ಉಳಿದ ಊರುಗಳೊಡನೆ ಹೋಲಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಹೆಂಗಸರನ್ನು ಗೆಲ್ಲಿಸುವ ಊರು ಮೊದಲಿನಿಂದಲೂ ಬೇರೆ ರೀತಿಯದಾಗಿರಬಹುದು. ಆದರೆ ಪಶ್ಚಿಮ ಬಂಗಾಳದಲ್ಲಿ ಯಾವ ಪಂಚಾಯಿತಿಯ ಪ್ರಧಾನ ಸ್ಥಾನ ಮಹಿಳೆಗೆ ಎಂಬುದನ್ನು ಕ್ರಮಸಂಖ್ಯೆಯ ಪಟ್ಟಿಯಿಂದ, ಮೂರರಲ್ಲೊಂದರಂತೆ ನಿಗದಿ ಮಾಡಿದರು. ಊರಿನ ಗುಣಕ್ಕೂ ಪಟ್ಟಿಯ ಸಂಖ್ಯೆಗೂ ಸಂಬಂಧವಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರು ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲೂ ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲೂ ಒಟ್ಟು 265 ಪಂಚಾಯಿತಿಗಳಲ್ಲಿ ಬಾವಿ, ಬೋರು, ರಸ್ತೆಗಳನ್ನು ಎಣಿಸಿ ಲೆಕ್ಕ ತೆಗೆದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮಹಿಳೆಯರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಎರಡು ಕಡೆಯೂ ಕುಡಿಯುವ ನೀರಿನ ಕೆಲಸ ಹೆಚ್ಚಾಗಿ ನಡೆದಿತ್ತು. ಎರಡು ಜಿಲ್ಲೆಗಳಲ್ಲೂ ಹೆಂಗಸರು ಹೆಚ್ಚಾಗಿ ದೂರುತ್ತಿದ್ದದ್ದು ನೀರಿನ ಬಗ್ಗೆಯೇ. ರಸ್ತೆಯ ವಿಷಯದಲ್ಲಿ ಮಾತ್ರ ಫಲ ಬೇರೆಬೇರೆಯಾಗಿತ್ತು. ರಸ್ತೆಗಾಗಿ ಹೆಂಗಸರೂ ಕೇಳುತ್ತಿದ್ದ ಬಂಗಾಳದಲ್ಲಿ ರಸ್ತೆ ಸುಧಾರಿಸಿತ್ತು. ರಸ್ತೆಯನ್ನು ಗಂಡಸರೇ ಹೆಚ್ಚಾಗಿ ಕೇಳುತ್ತಿದ್ದ ರಾಜಸ್ಥಾನದಲ್ಲಿ ಅದು ಹಿಂದೆ ಬಿದ್ದಿತ್ತು. ಕುರ್ಚಿಯಲ್ಲಿ ಯಾರು ಕುಳಿತರೂ ಒಂದೇ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲಲಿಲ್ಲ. ಬಡತನದ ವಿಷಯದಲ್ಲಿ ಇಂಥ ಪ್ರಯೋಗಗಳ ದಾರಿಯನ್ನು ಬೆಳೆಸಿದ್ದಕ್ಕಾಗಿ ಡುಫ್ಲೋ, ನಮ್ಮ ದೇಶದಲ್ಲಿ ಹುಟ್ಟಿದ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಕೂಲಿ ಏರಿದರೆ ಕೆಲಸ ಕಡಿಮೆಯಾಗುವುದೆ?

ಚೀಟಿ ಎತ್ತಲು ಸಾಧ್ಯವಾಗದ ಸಂದರ್ಭಗಳೇ ಹೆಚ್ಚು. ಕೂಲಿಯ ದರವನ್ನು ಯಾರೂ ಚೀಟಿ ಎತ್ತಿ ನಿರ್ಧರಿಸುವುದಿಲ್ಲ. ಈ ಪ್ರಶ್ನೆ ನಮಗೆ ತೀರ ಹತ್ತಿರದ್ದು. ಕನಿಷ್ಠ ಕೂಲಿಯ ಪರಿಷ್ಕರಣೆಯ ಮಾತು ಬಂದಾಗಲೆಲ್ಲ "ಹೀಗಾದರೆ ಆಳುಗಳನ್ನು ಕಡಿಮೆ ಮಾಡದೆ ಗತಿಯಿಲ್ಲ" ಎಂದು ನಾವು ಹೇಳುತ್ತೇವೆ. ಕಾರ್ಮಿಕರ ಕಡೆಯವರು "ಹಾಗೇನೂ ಆಗುವುದಿಲ್ಲ" ಎನ್ನುತ್ತಾರೆ. ಇಬ್ಬರಿಗೂ ತಮ್ಮ ತಮ್ಮ ಉತ್ತರದಲ್ಲಿ ಲಾಭವಿದೆ. ಆದುದರಿಂದ ಇಬ್ಬರ ಮಾತಿಗೂ ಅಳತೆ ಬೇಕು.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1992ರ ಏಪ್ರಿಲ್ 1ರಂದು ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿದರು. ಪಕ್ಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅದು 4.25 ಆಗಿಯೇ ಉಳಿಯಿತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಜೆರ್ಸಿಯಲ್ಲೂ ಪೆನ್ಸಿಲ್ವೇನಿಯದ ಪೂರ್ವ ಭಾಗದಲ್ಲೂ ಇದ್ದ, ಕಡಿಮೆ ಕೂಲಿಯ ಕೆಲಸಗಾರರೇ ಹೆಚ್ಚಾಗಿರುವ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಆರಿಸಿಕೊಂಡರು. ದರ ಏರುವ ಮುಂಚೆ ಒಮ್ಮೆ, ಏರಿ ಏಳೆಂಟು ತಿಂಗಳಾದ ಮೇಲೆ ಇನ್ನೊಮ್ಮೆ, ಎಷ್ಟು ಜನ ಕೆಲಸಕ್ಕಿದ್ದಾರೆಂದು ವಿಚಾರಿಸಿದರು. ಅರ್ಧ ಹೊತ್ತಿನ ಇಬ್ಬರನ್ನು ಪೂರ್ಣ ಹೊತ್ತಿನ ಒಬ್ಬರೆಂದು ಎಣಿಸಿದರು. ಲೆಕ್ಕ ಹೀಗಿತ್ತು:

ನ್ಯೂಜೆರ್ಸಿಯ ಹೋಟೆಲುಗಳಲ್ಲಿ ಸರಾಸರಿ ಕೆಲಸಗಾರರು — ಮುಂಚೆ 20.44, ಆಮೇಲೆ 21.03, ಅಂದರೆ 0.59ರಷ್ಟು ಹೆಚ್ಚಳ.

ಪೆನ್ಸಿಲ್ವೇನಿಯದ ಹೋಟೆಲುಗಳಲ್ಲಿ — ಮುಂಚೆ 23.33, ಆಮೇಲೆ 21.17, ಅಂದರೆ 2.16ರಷ್ಟು ಇಳಿಕೆ.

ಬರಿಯ "ಆಮೇಲಿನ" ಅಂಕಿಗಳನ್ನು ನೋಡಿದರೆ ಎರಡು ರಾಜ್ಯಗಳೂ ಒಂದೇ ಎನಿಸುತ್ತವೆ. ಬರಿಯ ನ್ಯೂಜೆರ್ಸಿಯನ್ನು ನೋಡಿದರೆ ಅಲ್ಪ ಹೆಚ್ಚಳ ಮಾತ್ರ ಕಾಣುತ್ತದೆ. ಆದರೆ ದರ ಏರದ ಪೆನ್ಸಿಲ್ವೇನಿಯದಲ್ಲಿ ಅದೇ ಅವಧಿಯಲ್ಲಿ ಕೆಲಸ ಇಳಿದಿತ್ತು. ನ್ಯೂಜೆರ್ಸಿಯಲ್ಲೂ ಹಾಗೆಯೇ ಇಳಿಯಬೇಕಾಗಿತ್ತೆಂದು ಇಟ್ಟುಕೊಂಡರೆ, ನಿಜವಾದ ಅಂತರ 0.59 ಮತ್ತು 2.16 ಸೇರಿ ಸುಮಾರು 2.75 ಆಗುತ್ತದೆ. ಹೀಗೆ ಒಂದು ಕಡೆಯ ಬದಲಾವಣೆಯಿಂದ ಇನ್ನೊಂದು ಕಡೆಯ ಬದಲಾವಣೆಯನ್ನು ಕಳೆಯುವ ಕ್ರಮಕ್ಕೆ "ವ್ಯತ್ಯಾಸಗಳ ವ್ಯತ್ಯಾಸ" ಎನ್ನಬಹುದು. ಕೂಲಿ ಏರಿದರೆ ಕೆಲಸ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ.

1994ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆಯೇ ನಡೆಯಿತು. 2000ದಲ್ಲಿ ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಎಂಬವರು ಹೋಟೆಲುಗಳ ಸಂಬಳದ ಪಟ್ಟಿಗಳನ್ನು ಆಧರಿಸಿ, ಕೆಲಸ ಕಡಿಮೆಯಾಯಿತೆಂಬ ವಿರುದ್ಧ ತೀರ್ಮಾನಕ್ಕೆ ಬಂದರು. ಕಾರ್ಡ್ ಮತ್ತು ಕ್ರೂಗರ್ ಅವರು ಸರ್ಕಾರಿ ದಾಖಲೆಗಳ ಅಂಕಿಗಳಿಂದ ಮತ್ತೆ ಲೆಕ್ಕ ಹಾಕಿ, ಹೇಳಿಕೊಳ್ಳುವಂಥ ಇಳಿಕೆಯಾಗಿಲ್ಲವೆಂದು ಉತ್ತರಿಸಿದರು. ಕನಿಷ್ಠ ಕೂಲಿಯ ವಾದ ಅಲ್ಲಿಗೆ ಮುಗಿಯಲಿಲ್ಲವಾದರೂ ವಿಧಾನ ಮಾತ್ರ ನೆಲೆ ನಿಂತಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ದೊರೆಯಿತು. ಕ್ರೂಗರ್ 2019ರಲ್ಲಿಯೇ ತೀರಿಕೊಂಡಿದ್ದರು.

ಈ ವಿಧಾನ ನಿಂತಿರುವುದು ಒಂದೇ ಒಂದು ಕಂಬದ ಮೇಲೆ. ಬದಲಾವಣೆ ಆಗದೇ ಇದ್ದಿದ್ದರೆ ಎರಡು ಕಡೆಯೂ ಒಂದೇ ರೀತಿ ನಡೆಯುತ್ತಿದ್ದವು ಎಂಬುದೇ ಆ ಕಂಬ. ನೆರೆಯ ತೋಟಕ್ಕೂ ನಮ್ಮ ತೋಟಕ್ಕೂ ಒಂದೇ ಮಳೆ, ಒಂದೇ ಬಗೆಯ ಮಣ್ಣು ಇದ್ದರೆ ಹೋಲಿಕೆ ಸರಿ. ಘಟ್ಟದ ಮೇಲಿನ ತೋಟವನ್ನು ಕೆಳಗಿನ ತೋಟದೊಡನೆ ಹೋಲಿಸಿದರೆ ಕಂಬವೇ ಅಲುಗುತ್ತದೆ. ಆದುದರಿಂದ ಹಿಂದಿನ ಹಲವು ವರ್ಷಗಳಲ್ಲಿ ಎರಡೂ ಕಡೆಯ ಏರಿಳಿತ ಜೊತೆಜೊತೆಯಾಗಿ ನಡೆದಿತ್ತೆ ಎಂದು ಮೊದಲು ನೋಡತಕ್ಕದ್ದು.

ಗೆರೆಯ ಆಚೆ, ಗೆರೆಯ ಈಚೆ

ಸರ್ಕಾರದ ನಿಯಮಗಳಲ್ಲಿ ಎಲ್ಲೋ ಒಂದು ಕಡೆ ಗೆರೆ ಎಳೆದಿರುತ್ತಾರೆ. ಇಷ್ಟು ಎಕರೆಯವರೆಗೆ ಸಣ್ಣ ಹಿಡುವಳಿ, ಇಷ್ಟು ಅಂಕ ಬಂದರೆ ಪಾಸು, ಇತ್ಯಾದಿ. 35 ಅಂಕ ಪಡೆದು ಪಾಸಾದವನಿಗೂ 34 ಪಡೆದು ಫೇಲಾದವನಿಗೂ ಬುದ್ಧಿಯಲ್ಲಿ ಅಂಥ ಅಂತರವೇನೂ ಇಲ್ಲ. ಆದುದರಿಂದ ಗೆರೆಗೆ ತೀರ ಸಮೀಪದಲ್ಲಿ, ಆಚೆ ಈಚೆ ಇರುವವರನ್ನು ಮಾತ್ರ ಹೋಲಿಸಿದರೆ ಚೀಟಿ ಎತ್ತಿದ್ದಕ್ಕೆ ಹತ್ತಿರವಾದ ಫಲ ಸಿಗುತ್ತದೆ.

2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಇಂಥ ಗೆರೆಯಿತ್ತು. ಸರ್ವಋತು ರಸ್ತೆಯಿಲ್ಲದ ಊರುಗಳ ಪೈಕಿ ಜನಸಂಖ್ಯೆ 1000 ದಾಟಿದವುಗಳಿಗೆ ಮೊದಲ ಆದ್ಯತೆ, ಅನಂತರ 500 ದಾಟಿದವುಗಳಿಗೆ. ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ ಎಂಬವರು ಈ ಗೆರೆಗಳ ಆಚೆ ಈಚೆಯ ಊರುಗಳನ್ನು ಹೋಲಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ರಸ್ತೆ ಬಂದ ಊರುಗಳಲ್ಲಿ ಜನ ಬೇಸಾಯದ ಕೆಲಸ ಬಿಟ್ಟು ಬೇರೆ ಕೆಲಸಗಳಿಗೆ ಹೋಗುವುದು ಹೆಚ್ಚಿದ್ದು ಕಂಡುಬಂತು. ಆದರೆ ನಾಲ್ಕು ವರ್ಷಗಳ ಅವಧಿಯಲ್ಲಿ ಬೇಸಾಯದಲ್ಲಾಗಲಿ, ಆದಾಯದಲ್ಲಾಗಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆಯಾದರೆ ಊರು ತಾನಾಗಿ ಉದ್ಧಾರವಾಗುತ್ತದೆಂಬ ಮಾತನ್ನು ಸ್ವಲ್ಪ ತಡೆದು ಆಡಬೇಕೆಂದು ಇದು ಹೇಳುತ್ತದೆ. ಹಾಗೆಂದು ರಸ್ತೆ ಬೇಡವೆಂದಲ್ಲ. ಮಳೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಉಪಕಾರ ಇಳುವರಿಯ ಲೆಕ್ಕಕ್ಕೆ ಸಿಗುವಂಥದಲ್ಲ. ಯಾವುದನ್ನು ಅಳೆದಿದ್ದಾರೋ ಅದರ ಬಗ್ಗೆ ಮಾತ್ರ ಅಳತೆ ಮಾತಾಡುತ್ತದೆ.

ಅಳತೆಗೂ ಮಿತಿಯುಂಟು

ಈ ವಿಧಾನಗಳನ್ನು ಕಣ್ಣು ಮುಚ್ಚಿ ನಂಬಬೇಕೆಂದು ನಾವು ಹೇಳುವುದಿಲ್ಲ. ನ್ಯೂಜೆರ್ಸಿಯ ಹೋಟೆಲಿನಲ್ಲಿ ಕಂಡದ್ದು ಮಲೆನಾಡಿನ ತೋಟದಲ್ಲೂ ನಿಜವಾಗಬೇಕೆಂದಿಲ್ಲ. ಹಣ್ಣು ಕೊಯ್ಯುವ ಕಾಲಕ್ಕೆ ಆಳು ಸಿಗುವುದೇ ಕಷ್ಟವಾದ ನಮ್ಮಲ್ಲಿ ಪ್ರಶ್ನೆಯ ರೂಪವೇ ಬೇರೆ. ಅಲ್ಲಿಂದ ನಾವು ತರಬೇಕಾದದ್ದು ಉತ್ತರವನ್ನಲ್ಲ, ಅಳೆಯುವ ಕ್ರಮವನ್ನು.

ಇನ್ನೊಂದು ತೊಡಕು ಬೇಲಿಯದು. ಕಾಯಿಕೊರಕಕ್ಕೆ ಬೇಲಿಯ ಹಂಗಿಲ್ಲ. ನಾವು ಉದುರಿದ ಹಣ್ಣನ್ನು ಹೆಕ್ಕಿ ತೋಟವನ್ನು ಶುಚಿಯಾಗಿಟ್ಟರೆ ಪಕ್ಕದವರಿಗೂ ಉಪಕಾರವಾಗುತ್ತದೆ. ಆಗ ಎರಡು ತೋಟಗಳ ನಡುವೆ ಅಂತರ ಕಾಣದಿದ್ದರೆ, ನಾವು ಮಾಡಿದ ಕೆಲಸ ವ್ಯರ್ಥವೆಂದು ತಿಳಿಯಬಾರದು. ಜನರ ನಡುವೆಯೂ ಹೀಗೆಯೇ. ಒಬ್ಬರಿಗೆ ಕಲಿಸಿದ್ದು ನೆರೆಯವರಿಗೂ ಹರಡುತ್ತದೆ. ಮೆಕ್ಸಿಕೋದವರು ಮನೆಗಳ ಬದಲು ಇಡೀ ಹಳ್ಳಿಗಳನ್ನೇ ಆರಿಸಿದ್ದರಿಂದ ಈ ತೊಡಕು ಅಲ್ಲಿ ಕಡಿಮೆಯಾಯಿತು.

ಎಣಿಕೆ ಚಿಕ್ಕದಾದರೂ ಮೋಸವೇ. ಎರಡು ಗಿಡಗಳಿಗೆ ಚೀಟಿ ಎತ್ತಿ ಏನನ್ನೂ ತೀರ್ಮಾನಿಸಲಾಗುವುದಿಲ್ಲ. ಕೊನೆಯದಾಗಿ, ಎಷ್ಟು ಫಲವಾಯಿತೆಂಬುದನ್ನು ಈ ವಿಧಾನಗಳು ಹೇಳುತ್ತವೆ. ಅದು ಏಕಾಯಿತೆಂಬುದನ್ನು ತಿಳಿಯಲು ತೋಟಕ್ಕೆ ಹೋಗಿ ನೋಡಬೇಕು, ಮನೆಗೆ ಹೋಗಿ ಕೇಳಬೇಕು.

ನಾವು ಮಾಡಬಹುದಾದದ್ದು

ಇದಕ್ಕೆಲ್ಲ ವಿಶ್ವವಿದ್ಯಾಲಯವೇ ಬೇಕೆಂದಿಲ್ಲ. ಸಂಘವೂ ಸದಸ್ಯರೂ ಕೂಡಿ ಕೆಳಗಿನಷ್ಟನ್ನು ಸುಲಭವಾಗಿ ಮಾಡಬಹುದು.

1. ಏಜೆಂಟರು ಹೊಸ ಟಾನಿಕ್ಕೋ ಗೊಬ್ಬರವೋ ತಂದಾಗ ಇಡೀ ತೋಟಕ್ಕೆ ಹಾಕಬಾರದು. ಒಂದೇ ವಯಸ್ಸಿನ, ಒಂದೇ ನೆರಳಿನ ಗಿಡಗಳಿರುವ ಕಡೆ ಕನಿಷ್ಠ ಹತ್ತು ಹನ್ನೆರಡು ಸಣ್ಣ ಪಟ್ಟೆಗಳನ್ನು ಗುರುತಿಸಿ, ಚೀಟಿ ಎತ್ತಿ ಅರ್ಧಕ್ಕೆ ಮಾತ್ರ ಹಾಕಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣದಂಥ, ಈಗಾಗಲೇ ಪರೀಕ್ಷೆಯಲ್ಲಿ ಗೆದ್ದ ಉಪಾಯಗಳ ಮೇಲೆ ಈ ಪ್ರಯೋಗ ಬೇಡ. ಮಳೆಗಾಲದಲ್ಲಿ ಫಸಲನ್ನು ಕಳೆದುಕೊಳ್ಳುವುದು ವಿಜ್ಞಾನವಲ್ಲ.

2. ಪ್ರತಿ ಪಟ್ಟೆಯ ಕೊಯ್ಲನ್ನು ಬೇರೆಬೇರೆಯಾಗಿ ತೂಗಿ ಬರೆದಿಡಬೇಕು. ಕಣ್ಣಂದಾಜು ನಮ್ಮ ಆಸೆಯ ಕಡೆಗೇ ವಾಲುತ್ತದೆ.

3. ಕಾಫಿಯಲ್ಲಿ ಒಂದೇ ವರ್ಷದ ಲೆಕ್ಕವನ್ನು ನಂಬಬಾರದು. ಹಿಂದಿನ ಎರಡು, ಮುಂದಿನ ಎರಡು ವರ್ಷಗಳ ಲೆಕ್ಕವಾದರೂ ಇರಬೇಕು.

4. ಸಂಘದ ಸಹಾಯಧನಕ್ಕೆ ಅರ್ಜಿಗಳು ಹಣಕ್ಕಿಂತ ಹೆಚ್ಚಾಗಿ ಬಂದರೆ, ಅರ್ಹರಾದವರಲ್ಲಿ ಚೀಟಿ ಎತ್ತಿ ಹಂಚಬೇಕು. ಉಳಿದವರಿಗೆ ಮುಂದಿನ ವರ್ಷ ಕೊಡಬೇಕು. ಆದರೆ ಈ ವರ್ಷವೇ ಅವರ ಇಳುವರಿಯನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಹೋಲಿಕೆಗೆ ಬೇಕಾದವರು ಅವರೇ. ಶಿಫಾರಸಿನ ಮಾತೂ ಇದರಿಂದ ತಪ್ಪುತ್ತದೆ.

5. ಏನನ್ನು ಅಳೆಯುತ್ತೇವೆಂಬುದನ್ನು ಆರಂಭದಲ್ಲಿಯೇ ನಡವಳಿ ಪುಸ್ತಕದಲ್ಲಿ ಬರೆಯಬೇಕು. ಕೊನೆಯಲ್ಲಿ ಹುಡುಕುತ್ತ ಹೋದರೆ ಯಾವುದಾದರೊಂದು ಒಳ್ಳೆಯ ಅಂಕಿ ಸಿಕ್ಕಿಯೇ ಸಿಗುತ್ತದೆ.

6. ಫಲ ಕೊಡದ ಪ್ರಯೋಗವನ್ನೂ ಸಭೆಯಲ್ಲಿ ಹೇಳಬೇಕು. ಒಬ್ಬರಿಗೆ ಆದ ನಷ್ಟ ನೂರು ಜನರ ಹಣವನ್ನು ಉಳಿಸಬಲ್ಲದು.

ಇನ್ನು ನಾವು ಆರಂಭಿಸಿದ ಮಹಾಸಭೆಗೆ ಹಿಂದಿರುಗೋಣ. ಮಣ್ಣು ಪರೀಕ್ಷೆ ಮಾಡಿಸಿದ ಸದಸ್ಯರ ಸರಾಸರಿ ಇಳುವರಿ ಎಕರೆಗೆ 8 ಮೂಟೆಯಿಂದ 12ಕ್ಕೆ, ಮಾಡಿಸದವರದು 7ರಿಂದ 10ಕ್ಕೆ ಏರಿದೆ ಎಂದಿಟ್ಟುಕೊಳ್ಳೋಣ. ಮೊದಲಿನವರಿಗೆ 4 ಮೂಟೆ, ಎರಡನೆಯವರಿಗೆ 3 ಮೂಟೆ ಹೆಚ್ಚಾಯಿತು. ಹಾಗಾದರೆ ನಾಲ್ಕರಲ್ಲಿ ಮೂರು ಮೂಟೆ ಹೂಮಳೆಯದು. ಪರೀಕ್ಷೆಯ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಒಂದು ಮೂಟೆ. ಎದ್ದು ನಿಂತು ಮಾತಾಡಿದವರೂ ಅಷ್ಟರಮಟ್ಟಿಗೆ ಸರಿ, ಹಿಂದಿನ ಸಾಲಿನವರೂ ಅಷ್ಟರಮಟ್ಟಿಗೆ ಸರಿ. ಪರೀಕ್ಷೆ ಮಾಡಿಸಿದವರು ಮೊದಲೇ ಶ್ರದ್ಧಾವಂತರಾಗಿದ್ದರೆ ಆ ಒಂದು ಮೂಟೆಯಲ್ಲೂ ಶ್ರದ್ಧೆಯ ಪಾಲಿದ್ದೀತು. ಅದಕ್ಕಾಗಿಯೇ ಚೀಟಿ ಎತ್ತುವುದು ಮೇಲು.

ಎಕರೆಗೆ ಒಂದು ಮೂಟೆಯೆಂದರೆ ಸಣ್ಣ ಬೆಳೆಗಾರರಿಗೆ ಸಣ್ಣ ಮಾತಲ್ಲ. ಪರೀಕ್ಷೆಗೆ ತಗಲುವ ಖರ್ಚನ್ನು ಅದರ ಎದುರಿಗಿಟ್ಟು ನೋಡಿದರೆ, ಸಹಾಯಧನ ಬೇಕೆ ಬೇಡವೆ ಎಂಬುದನ್ನು ಸಭೆ ಹತ್ತು ನಿಮಿಷದಲ್ಲಿ ತೀರ್ಮಾನಿಸಬಹುದು. ಆ ಲೆಕ್ಕ ಕೈಯಲ್ಲಿರಬೇಕಾದರೆ ಅದನ್ನು ಬರೆಯುವ ಕೆಲಸ ಈ ಕೊಯ್ಲಿನಿಂದಲೇ ಸುರುವಾಗಬೇಕು.